ಮೊಣಕಾಲು ಮುರಿದರೆ ನಷ್ಟ ಯಾರದು?

(ಗಿರಣಿ ಕೂಲಿಕಾರರೂ ಪೇಟೆಯ ಸಣ್ಣ ವರ್ತಕರೂ ಕೂಡಿ ನಡೆಸುವ ಫುಟ್‌ಬಾಲ್ ಪಂದ್ಯಾವಳಿಯ ಪೂರ್ವಸಿದ್ಧತೆಯ ಸಭೆಯಲ್ಲಿ ಮಾಡಿದ ಭಾಷಣ.)



ಚಂದಾ ಎಷ್ಟು ಎತ್ತಬೇಕು, ಬಯಲಿನ ಕಲ್ಲು ಯಾರು ಆರಿಸಬೇಕು, ಬಹುಮಾನದ ಕಪ್ ಯಾರು ಕೊಡಬೇಕು ಎಂಬ ವಿಚಾರಗಳೆಲ್ಲ ಈಗಾಗಲೇ ಇತ್ಯರ್ಥವಾದವು. ಉಳಿದ ಸಮಯದಲ್ಲಿ ಆಟಗಾರರಿಗೆ ಬೀಳುವ ಪೆಟ್ಟು, ಅದಕ್ಕೆ ಆಗಬೇಕಾದ ಉಪಚಾರ, ಇವುಗಳ ವಿಷಯ ನಾಲ್ಕು ಮಾತು ಹೇಳಬೇಕೆಂದು ಅಧ್ಯಕ್ಷರು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಡಾಕ್ಟರನಲ್ಲ. ಇಪ್ಪತ್ತೆರಡು ವರ್ಷ ಒಂದು ಗಿರಣಿಯ ದವಾಖಾನೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟಿದವನು. ಬೆರಳು ಜಜ್ಜಿಸಿಕೊಂಡು ಬಂದ ಕೂಲಿಕಾರನ ಹಿಂದೆಯೇ ಜಾಬರನೂ ಬರುತ್ತಿದ್ದ. ಅವನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಇವ ಮತ್ತೆ ಯಾವ ಪಾಳಿಗೆ ಬರತಾನ?” ಬೆರಳು ಉಳಿಯುತ್ತದೆಯೋ ಇಲ್ಲವೋ ಎಂದು ಕೇಳಿದ ಜಾಬರನನ್ನು ನಾನು ಕಂಡದ್ದು ಬಹಳ ಕಡಿಮೆ. ಫುಟ್‌ಬಾಲಿನ ದವಾಖಾನೆಯಲ್ಲೂ ನಡೆದು ಬಂದಿರುವ ಮೊದಲ ಪ್ರಶ್ನೆ ಇದೇ ಎಂಬುದು ಓದುತ್ತ ಓದುತ್ತ ನನಗೆ ತಿಳಿಯಿತು.

ಹಣ ಪಡೆದು ಆಡುವ ಫುಟ್‌ಬಾಲ್ ಆಟಗಾರರಿಗಾಗಿ ಕೂಲಿಕಾರರು ಮರುಗಬೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ನಗೆ ಬಂದಿರಬಹುದು. ಟೆಲಿವಿಜನ್ನಿನಲ್ಲಿ ಕಾಣುವವರು ಕೋಟಿಗಟ್ಟಲೆ ಗಳಿಸುವವರು, ನಿಜ. ಆದರೆ ಅವರು ಕೆಲವು ನೂರು ಮಂದಿ. ಅವರ ಬೆನ್ನ ಹಿಂದೆ ಒಂದು ವರ್ಷದ, ಎರಡು ವರ್ಷದ ಕರಾರಿನ ಮೇಲೆ ಆಡುವವರು ಸಾವಿರಾರು. ಮುಂದಿನ ಹಂಗಾಮಿಗೆ ಕರೆಯುತ್ತಾರೋ ಇಲ್ಲವೋ ಎಂಬ ಅಂಜಿಕೆ ನಮ್ಮ ಬದಲಿ ಕೂಲಿಕಾರನಿಗೆ ಹೇಗೋ ಅವರಿಗೂ ಹಾಗೆಯೇ. ಒಂದೇ ಒಂದು ಭೇದವುಂಟು. ಮಗ್ಗ ಮಾಲಿಕನದು, ಅದು ಮುರಿದರೆ ರಿಪೇರಿಯ ಖರ್ಚು ಮಾಲಿಕನದು. ಆಟಗಾರನ ಮಗ್ಗವೆಂದರೆ ಅವನ ಮೊಣಕಾಲು. ಅದು ಮೂವತ್ತು ವರುಷದ ತನಕ ಕ್ಲಬ್ಬಿನ ಕೆಲಸ ಮಾಡುತ್ತದೆ. ಆಮೇಲೆ ನಲವತ್ತು ವರುಷ ಅವನ ಮನೆಯ ಮೆಟ್ಟಿಲು ಹತ್ತಬೇಕು. ಅದು ಮುರಿದರೆ ನಷ್ಟ ಯಾರದು?

ಈ ಪ್ರಶ್ನೆ ಇಂಗ್ಲಂಡಿನ ಕೋರ್ಟಿಗೆ ನೂರು ವರ್ಷಕ್ಕೂ ಹಿಂದೆಯೇ ಹೋಗಿತ್ತು. ಕ್ರಿಸ್ಟಲ್ ಪ್ಯಾಲೆಸ್ ಕ್ಲಬ್ಬಿನಲ್ಲಿ ವಾಕರ್ ಎಂಬ ಆಟಗಾರನಿದ್ದ. ವಾರಕ್ಕೆ ಮೂರು ಪೌಂಡು ಹತ್ತು ಶಿಲಿಂಗ್ ಪಗಾರ, ಒಂದು ವರ್ಷದ ಕರಾರು. ಆಡುವಾಗ ಪೆಟ್ಟು ಬಿದ್ದು ದುಡಿಯಲಾರದಂತಾದ. 1906ರ ಕೂಲಿಕಾರರ ಪರಿಹಾರ ಕಾಯಿದೆಯ ಪ್ರಕಾರ ನನಗೆ ಪರಿಹಾರ ಕೊಡಿರಿ ಎಂದು ಕೇಳಿದ. ಕ್ಲಬ್ಬಿನವರ ವಾದ ಕೇಳಲು ಬಲು ಚಂದ: ಇವನು ಕೂಲಿಕಾರನಲ್ಲ, ಕಲಾವಂತ, ಚೆಂಡನ್ನು ಹೀಗೆ ಒದೆ ಹಾಗೆ ಒದೆ ಎಂದು ಯಾವ ಯಜಮಾನನೂ ಇವನಿಗೆ ಹೇಳಿಕೊಡುವುದಿಲ್ಲ, ಆದಕಾರಣ ಇವನು ನಮ್ಮ ಆಳಲ್ಲ. ಪರಿಹಾರ ಕೊಡುವ ಹೊತ್ತು ಬಂದಾಗ ಮಾತ್ರ ಆಳು ಕಲಾವಂತನಾಗುತ್ತಾನೆ, ನೋಡಿರಿ. 1910ರ ಕಾನೂನು ವರದಿಗಳಲ್ಲಿ ಅಚ್ಚಾಗಿರುವ ಮೇಲ್ಮನವಿ ಕೋರ್ಟಿನ ತೀರ್ಪು ಈ ವಾದವನ್ನು ಒಪ್ಪಲಿಲ್ಲ. ತಾಲೀಮಿಗೆ ತಪ್ಪದೆ ಬರಬೇಕು, ಹೇಳಿದ ಮಾತು ಕೇಳಬೇಕು ಎಂದು ಕರಾರಿನಲ್ಲಿ ಬರೆಯಿಸಿಕೊಂಡ ಮೇಲೆ ಅವನು ಕೂಲಿಕಾರನೇ ಸರಿ ಎಂದು ನ್ಯಾಯಾಧೀಶರು ಹೇಳಿದರು. ಹವ್ಯಾಸಿಗೆ ಇದು ಆಟವಿರಬಹುದು, ಇದರಿಂದಲೇ ಹೊಟ್ಟೆ ಹೊರೆಯುವವನಿಗೆ ಇದು ಕೆಲಸ ಎಂಬುದು ಅವರ ಅಭಿಪ್ರಾಯವಾಗಿತ್ತು. ನಮ್ಮ ದೇಶದಲ್ಲಿ ಇಂಥ ಪರಿಹಾರದ ಕಾಯಿದೆ ಬಂದದ್ದು 1923ರಲ್ಲಿ.

ಈ ತೀರ್ಪು ಆಕಾಶದಿಂದ ಉದುರಿದ್ದಲ್ಲ. 1907ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆಟಗಾರರು ತಮ್ಮದೊಂದು ಸಂಘ ಕಟ್ಟಿದ್ದರು. ಆಗ ಆಟಗಾರರ ಪಗಾರ ವಾರಕ್ಕೆ ನಾಲ್ಕು ಪೌಂಡು ಮೀರಕೂಡದೆಂಬ ಕಟ್ಟಳೆಯಿತ್ತು. ತಕರಾರು ಏನಿದ್ದರೂ ಕೋರ್ಟಿಗೆ ಹೋಗುವ ಮುನ್ನ ನಮ್ಮ ಬಳಿಗೆ ಬನ್ನಿರಿ ಎಂದು ಫುಟ್‌ಬಾಲ್ ಅಸೋಸಿಯೇಷನ್ನಿನವರು ಪಟ್ಟು ಹಿಡಿದರು. 1909ರಲ್ಲಿ ಅವರು ಸಂಘದ ಮನ್ನಣೆ ತೆಗೆದುಹಾಕಿ, ಸಂಘ ಬಿಡದವರನ್ನು ಆಡಗೊಡುವುದಿಲ್ಲ ಎಂದಾಗ, ಮ್ಯಾಂಚೆಸ್ಟರ್ ಯುನೈಟೆಡ್ಡಿನ ಆಟಗಾರರು ಸಂಘ ಬಿಡಲಿಲ್ಲ. ಪಗಾರದ ಮಿತಿ ಹೋಗಲು 1961ರ ತನಕ ಕಾಯಬೇಕಾಯಿತು; ಆಗ ಅದು ಇಪ್ಪತ್ತು ಪೌಂಡಿಗೆ ಏರಿತ್ತು. ಜಿಮ್ಮಿ ಹಿಲ್ ಎಂಬ ಆಟಗಾರನ ಮುಂದಾಳುತನದಲ್ಲಿ ಮುಷ್ಕರದ ನೋಟೀಸು ಕೊಟ್ಟ ಮೇಲೆಯೇ ಅದು ಬಿದ್ದದ್ದು.

ಕಾನೂನು ಆಟಗಾರನನ್ನು ಕೂಲಿಕಾರ ಎಂದಿತು, ಸರಿ. ಆದರೆ ಪೆಟ್ಟು ಬಿದ್ದ ಗಳಿಗೆಯಲ್ಲಿ ಅವನ ಬಳಿ ಓಡಿ ಬರುತ್ತಿದ್ದವರು ಯಾರು? ಬಹಳ ವರ್ಷಗಳ ಕಾಲ ಬಂದವನು ಟ್ರೇನರ್. ಹೆಚ್ಚಾಗಿ ಅವನೊಬ್ಬ ಹಳೆಯ ಆಟಗಾರ, ವೈದ್ಯ ಕಲಿತವನಲ್ಲ. ಅವನ ಕೈಯಲ್ಲಿ ಒಂದು ಬಕೆಟ್ ತಣ್ಣೀರು, ಒಂದು ಸ್ಪಂಜು. ಕಾಲಿಗೂ ಅದೇ ಸ್ಪಂಜು, ತಲೆಗೂ ಅದೇ ಸ್ಪಂಜು. ಮೊದಲನೆಯವನ ರಕ್ತ ಒರೆಸಿದ್ದರಿಂದಲೇ ಎರಡನೆಯವನ ಮುಖ ಒರೆಸುತ್ತಿದ್ದರು. ತಣ್ಣೀರು ಬಿದ್ದೊಡನೆ ಆಟಗಾರ ಎದ್ದು ಓಡುತ್ತಿದ್ದುದನ್ನು ಕಂಡು ಜನ ಅದಕ್ಕೆ ಮಾಯದ ಸ್ಪಂಜು ಎಂದು ಹೆಸರಿಟ್ಟರು. ಅವನು ಎದ್ದು ಓಡುತ್ತಿದ್ದುದಕ್ಕೆ ಬೇರೆಯದೇ ಕಾರಣವಿತ್ತು. ಇಂಗ್ಲಿಷ್ ಲೀಗಿನಲ್ಲಿ 1965ರ ತನಕ ಬದಲಿ ಆಟಗಾರನನ್ನು ಇಳಿಸುವ ಪದ್ಧತಿಯೇ ಇರಲಿಲ್ಲ. ನೀನು ಕೂತೆಯೋ ನಿನ್ನ ತಂಡ ಹತ್ತು ಮಂದಿಯಲ್ಲಿ ಆಡಬೇಕು. ಕಾಲು ಮುರಿದವನನ್ನೂ ಕುಂಟುತ್ತ ಬದಿಯಲ್ಲಿ ನಿಲ್ಲು ಎನ್ನುತ್ತಿದ್ದರು.

1956ರ ಎಫ್.ಎ. ಕಪ್ಪಿನ ಅಂತಿಮ ಪಂದ್ಯದ ಕತೆ ನಿಮ್ಮಲ್ಲಿ ಕೆಲವರು ಕೇಳಿರಬೇಕು. ಮ್ಯಾಂಚೆಸ್ಟರ್ ಸಿಟಿಯ ಗೋಲ್‌ಕೀಪರ್ ಬರ್ಟ್ ಟ್ರೌಟ್ಮನ್, ಯುದ್ಧ ಕೈದಿಯಾಗಿ ಇಂಗ್ಲಂಡಿಗೆ ಬಂದ ಜರ್ಮನ್. ಆಟ ಮುಗಿಯಲು ಹದಿನೇಳು ನಿಮಿಷ ಇರುವಾಗ ಎದುರಾಳಿಯ ಮೊಣಕಾಲು ಅವನ ಕುತ್ತಿಗೆಗೆ ಬಡಿಯಿತು. ಸ್ಪಂಜು ಬಂತು, ಆತ ಎದ್ದು ನಿಂತ, ಮತ್ತೆ ಚೆಂಡು ಹಿಡಿದ, ತಂಡ 3-1ರಿಂದ ಗೆದ್ದಿತು. ನಾಲ್ಕು ದಿನ ಕಳೆದ ಮೇಲೆ ಕ್ಷಕಿರಣದ ಚಿತ್ರ ತೆಗೆದು ನೋಡಿದರೆ ಕುತ್ತಿಗೆಯ ಎಲುಬು ಮುರಿದಿತ್ತು! ಮುರಿದ ಎಲುಬಿಗೆ ಪಕ್ಕದ ಎಲುಬು ಅಡ್ಡ ಸಿಕ್ಕಿಕೊಂಡು ತಡೆದದ್ದರಿಂದ ಜೀವ ಉಳಿಯಿತು. ಈ ಕತೆಯನ್ನು ಎಲ್ಲರೂ ಧೈರ್ಯದ ಕತೆಯೆಂದು ಹೇಳುತ್ತಾರೆ. ಧೈರ್ಯವಿತ್ತು, ಇಲ್ಲವೆನ್ನುವವರಾರು? ಆದರೆ ಕುತ್ತಿಗೆ ಮುರಿದವನನ್ನು ಹದಿನೇಳು ನಿಮಿಷ ಬಯಲಿನಲ್ಲಿ ನಿಲ್ಲಿಸಿದ ಕಟ್ಟಳೆಯ ಕತೆಯೂ ಅದೇ ಅಲ್ಲವೆ? ಕಟ್ಟಳೆ ಬದಲಾಗಲು ಆಮೇಲೆ ಒಂಬತ್ತು ವರ್ಷ ಹಿಡಿಯಿತು.

ಅದಕ್ಕೂ ಮೂರು ವರ್ಷ ಮೊದಲು, 1953ರ ಫೆಬ್ರವರಿಯಲ್ಲಿ, ಶೆಫೀಲ್ಡ್ ವೆಡ್ನೆಸ್ಡೇ ಕ್ಲಬ್ಬಿನ ಡೆರೆಕ್ ಡೂಲಿಗೆ ಪ್ರೆಸ್ಟನ್ನಿನಲ್ಲಿ ಕಾಲು ಮುರಿಯಿತು. ಹಿಂದಿನ ಹಂಗಾಮಿನಲ್ಲಿ 30 ಲೀಗ್ ಪಂದ್ಯಗಳಲ್ಲಿ 46 ಗೋಲು ಹೊಡೆದವನು, ವಯಸ್ಸು ಇಪ್ಪತ್ತಮೂರು. ಎಲುಬು ಮುರಿದದ್ದು ದೊಡ್ಡ ಮಾತಲ್ಲ, ಕೂಡಿಕೊಳ್ಳುತ್ತಿತ್ತು. ಕಾಲಿನ ಮೇಲೆ ಒಂದು ಸಣ್ಣ ಗೀರು ಗಾಯವಿತ್ತು; ಅದು ನಂಜೇರಿತು. ದವಾಖಾನೆಯಿಂದ ಮನೆಗೆ ಕಳಿಸುವ ವೇಳೆಗೆ ನರ್ಸು ಕಾಲ್ಬೆರಳು ಮುಟ್ಟಿದರೆ ಆತನಿಗೆ ಸ್ಪರ್ಶವೇ ಇಲ್ಲ. ಒಳಗೆ ಮಾಂಸ ಕೊಳೆತಿತ್ತು. ಜೀವ ಉಳಿಸಲು ಕಾಲು ಕತ್ತರಿಸಿದರು. ಸಣ್ಣ ಗಾಯವೆಂದು ಮಣ್ಣು ಒರೆಸಿಕೊಂಡು ಆಡುವ ಹುಡುಗರು ಈ ಸಭೆಯಲ್ಲಿ ಇದ್ದಾರೆ. ಅವರಿಗಾಗಿಯೇ ಇದನ್ನು ಇಷ್ಟು ಬಿಡಿಸಿ ಹೇಳಿದೆ. ಗೀರು ಗಾಯವನ್ನು ಸೋಪು ನೀರಿನಿಂದ ತೊಳೆಯಿರಿ, ಧನುರ್ವಾಯುವಿನ ಇಂಜೆಕ್ಷನ್ ಯಾವ ವರ್ಷ ಹಾಕಿಸಿಕೊಂಡಿರಿ ಎಂಬುದನ್ನು ಬರೆದಿಡಿರಿ.

ಕಾಲು ಹೋದರೂ ಬಾಳು ಹೋಗದ ಉದಾಹರಣೆಯೂ ಉಂಟು. ವರ್ತಕ ಬಂಧುಗಳಿಗೆ ಇದು ಹಿಡಿಸಬಹುದು. ಬ್ಲ್ಯಾಕ್‌ಬರ್ನ್ ತಂಡದ ಡೇವ್ ವೀಲನ್ 1960ರ ಕಪ್ಪಿನ ಅಂತಿಮ ಪಂದ್ಯದಲ್ಲಿ ಕಾಲು ಮುರಿದುಕೊಂಡ. ಉಳಿದ ಹತ್ತು ಮಂದಿ ಆಡಿ ಸೋತರು. ಆತ ಮತ್ತೆ ಮೊದಲ ದರ್ಜೆಗೆ ಏರಲಿಲ್ಲ. ಪರಿಹಾರದ ಹಣದಿಂದ ಮಾರುಕಟ್ಟೆಯಲ್ಲಿ ಅಂಗಡಿ ಇಟ್ಟ, ಅದು ಬೆಳೆದು ದೊಡ್ಡ ದೊಡ್ಡ ಅಂಗಡಿಗಳಾದವು, ಕೊನೆಗೆ ಒಂದು ಫುಟ್‌ಬಾಲ್ ಕ್ಲಬ್ಬಿಗೇ ಯಜಮಾನನಾದ. ಇಂಥವರು ಎಷ್ಟು ಮಂದಿ? ಒಬ್ಬನ ಅಂಗಡಿ ಬೆಳೆದದ್ದನ್ನು ತೋರಿಸಿ ಉಳಿದವರ ಕುಂಟು ಕಾಲನ್ನು ಮರೆಯಿಸುವುದು ನಮಗೆ ಹೊಸದಲ್ಲ.

ಸ್ಪಂಜಿನ ಕಾಲ ಮುಗಿದು ಸೂಜಿಯ ಕಾಲ ಬಂತು. ನೋವಿನ ಜಾಗಕ್ಕೆ ಮರವಿನ ಔಷಧ, ಇಲ್ಲವೆ ಕಾರ್ಟಿಸೋನ್ ಚುಚ್ಚಿ ಆಟಗಾರನನ್ನು ಬಯಲಿಗೆ ಕಳಿಸುವುದು. ಈ ಔಷಧಗಳು ಕೆಟ್ಟವಲ್ಲ. ಸರಿಯಾದ ವೇಳೆಗೆ, ವಿಶ್ರಾಂತಿಯೊಂದಿಗೆ ಕೊಟ್ಟರೆ ಉಪಕಾರಿ. ಆದರೆ ನೋವು ಎಂಬುದು ದೇಹದ ಕಾವಲುಗಾರ. ಕಾರ್ಟಿಸೋನ್ ಉರಿಯೂತವನ್ನು ಅಡಗಿಸುತ್ತದೆ, ಹರಿದದ್ದನ್ನು ಹೊಲಿಯುವುದಿಲ್ಲ. ಮೇಲಿಂದ ಮೇಲೆ ಅದೇ ಕೀಲಿಗೆ ಚುಚ್ಚಿದರೆ ಎಲುಬಿನ ತುದಿಯ ಮೃದು ಗಾದಿ ಸವೆಯುತ್ತದೆ, ನಾರು ಬಲ ಕಳೆದುಕೊಳ್ಳುತ್ತದೆ. ಕಾವಲುಗಾರನಿಗೆ ಮಂಪರು ಬರಿಸಿ ಮನೆಯಲ್ಲಿ ಕಳ್ಳತನ ಮಾಡಿದ ಹಾಗೆ. ಆಟಗಾರನೇ ಬಂದು ಚುಚ್ಚಿರಿ ಎನ್ನುತ್ತಾನಲ್ಲ, ಕ್ಲಬ್ಬಿನದೇನು ತಪ್ಪು ಎಂದು ಕೇಳುವವರಿದ್ದಾರೆ. ಆಡಿದರೆ ಬೋನಸ್ಸು, ಕೂತರೆ ಆ ಜಾಗಕ್ಕೆ ಇನ್ನೊಬ್ಬ. ಜ್ವರ ಮುಚ್ಚಿಟ್ಟುಕೊಂಡು ರಾತ್ರಿ ಪಾಳಿಗೆ ಬಂದ ಬದಲಿ ಕೂಲಿಕಾರರಿಗೆ ನಾನು ಎಷ್ಟು ಸಲ ಮಾತ್ರೆ ಕೊಟ್ಟಿಲ್ಲ? ಅವರೂ ತಾವಾಗಿಯೇ ಕೇಳಿದ್ದರು.

ಲಿವರ್‌ಪೂಲಿನ ಟಾಮಿ ಸ್ಮಿತ್ ಎಂಬವನು ಉಕ್ಕಿನ ಮನುಷ್ಯನೆಂದು ಹೆಸರಾಗಿದ್ದ. ಆಟ ಬಿಟ್ಟ ಮೇಲೆ ಕೀಲುಗಳೆಲ್ಲ ಕೆಟ್ಟು, ಬೇರೆ ಮೊಣಕಾಲು ಕೂಡಿಸಿಕೊಂಡು, ಸರಕಾರದ ಅಂಗವೈಕಲ್ಯದ ಭತ್ಯದ ಮೇಲೆ ಬಾಳುತ್ತಿದ್ದ. 1996ರ ಕಪ್ಪಿನ ಅಂತಿಮ ಪಂದ್ಯದ ದಿನ ಧರ್ಮಾರ್ಥಕ್ಕಾಗಿ ವೆಂಬ್ಲಿ ಬಯಲಿನಲ್ಲಿ ಒಂದೇ ಒಂದು ಪೆನಾಲ್ಟಿ ಒದೆದ. ಒದೆಯಬಲ್ಲವನು ಅಂಗವಿಕಲನಲ್ಲ ಎಂದು ಅವನ ಭತ್ಯವನ್ನು ನಿಲ್ಲಿಸಿಬಿಟ್ಟರು! ಇದಕ್ಕೆ ನಾನೇನೂ ಸೇರಿಸಿ ಹೇಳಬೇಕಾಗಿಲ್ಲ. ಅತ್ತ ಅರ್ಜೆಂಟೀನದ ಗೇಬ್ರಿಯಲ್ ಬಟಿಸ್ಟೂಟ ಬಡವನಲ್ಲ, ದೊಡ್ಡ ಗಳಿಕೆಯವನು. 2005ರಲ್ಲಿ ಆಟ ಬಿಟ್ಟೊಡನೆ ಹರಡುಗಳ ನೋವು ತಾಳಲಾರದೆ, ರಾತ್ರಿ ನಾಲ್ಕು ಹೆಜ್ಜೆ ದೂರದ ಬಚ್ಚಲಿಗೂ ಹೋಗಲಾರದೆ, ಕಾಲು ಕತ್ತರಿಸಿಬಿಡಿರಿ ಎಂದು ಡಾಕ್ಟರರನ್ನು ಬೇಡಿಕೊಂಡದ್ದನ್ನು ಆತನೇ ಮುಂದೆ ಹೇಳಿದ್ದಾನೆ. ಡಾಕ್ಟರರು ಒಪ್ಪಲಿಲ್ಲ.

ಕಾಲಿನ ಪೆಟ್ಟು ಕಣ್ಣಿಗೆ ಕಾಣುತ್ತದೆ. ಇನ್ನು ಕಾಣದ ಪೆಟ್ಟಿನ ಮಾತು. ಹತ್ತಿಯ ಧೂಳು ಎದೆಯಲ್ಲಿ ಕೂತ ದಿನ ಯಾರಿಗೂ ಗೊತ್ತಾಗುವುದಿಲ್ಲ. ಹದಿನೈದು ಇಪ್ಪತ್ತು ವರ್ಷದ ಮೇಲೆ ಉಬ್ಬಸ ಬಂದಾಗ, ಅದು ಬೀಡಿಯಿಂದ ಬಂತು ಎನ್ನುತ್ತಾರೆ. ಫುಟ್‌ಬಾಲಿನಲ್ಲಿ ಹೀಗೆಯೇ ಆದದ್ದು ತಲೆಗೆ. ವೆಸ್ಟ್ ಬ್ರಾಮ್‌ವಿಚ್ ಕ್ಲಬ್ಬಿನ ಜೆಫ್ ಆಸ್ಟಲ್ ತಲೆಯಿಂದ ಚೆಂಡು ಹೊಡೆಯುವುದರಲ್ಲಿ ಎತ್ತಿದ ಕೈ. 1968ರ ಕಪ್ಪನ್ನು ಗೆಲ್ಲಿಸಿದ ಗೋಲು ಆತನದು. ಆಗಿನ ತೊಗಲಿನ ಚೆಂಡು ಮಳೆಯಲ್ಲಿ ನೀರು ಹೀರಿ ಭಾರವಾಗುತ್ತಿತ್ತು. ಆಟ ಬಿಟ್ಟ ಮೇಲೆ ಆತ ಕಿಟಕಿ ತೊಳೆಯುವ ಸ್ವಂತ ಉದ್ಯೋಗ ಮಾಡಿಕೊಂಡಿದ್ದ. ಮರೆವು ಕವಿದು, 2002ರ ಜನವರಿಯಲ್ಲಿ ಐವತ್ತೊಂಬತ್ತನೆಯ ವಯಸ್ಸಿಗೆ ತೀರಿಕೊಂಡ. ಅಲ್ಲಿ ಇಂಥ ಸಾವುಗಳನ್ನು ವಿಚಾರಿಸುವ ಕಾರೋನರ್ ಎಂಬ ಅಧಿಕಾರಿಯುಂಟು. ಆತ ಅದೇ ವರ್ಷ ನವೆಂಬರಿನಲ್ಲಿ ಕೊಟ್ಟ ತೀರ್ಮಾನ: ಔದ್ಯೋಗಿಕ ರೋಗದಿಂದ ಮರಣ. ಅಂದರೆ ಧೂಳಿನಿಂದ ಗಿರಣಿಯವನು ಸತ್ತ ಹಾಗೆ, ಚೆಂಡಿನಿಂದ ಆಟಗಾರ ಸತ್ತ.

ತೀರ್ಮಾನ ಬಂದೊಡನೆ ಫುಟ್‌ಬಾಲಿನ ಧಣಿಗಳು ಎಚ್ಚತ್ತುಕೊಂಡರೆಂದು ತಿಳಿಯಬೇಡಿರಿ. ಹನ್ನೆರಡು ವರ್ಷದ ಮೇಲೆ, 2014ರಲ್ಲಿ, ಗ್ಲಾಸ್ಗೋದ ಡಾಕ್ಟರ್ ವಿಲ್ಲಿ ಸ್ಟೂವರ್ಟರು ಆಸ್ಟಲನ ಮಿದುಳನ್ನು ಮತ್ತೆ ಪರೀಕ್ಷಿಸಿ, ಬಾಕ್ಸಿಂಗ್ ಆಡುವವರಿಗೆ ಬರುವಂಥದೇ ರೋಗವೆಂದು ಕಂಡರು. 2019ರಲ್ಲಿ ಅವರೂ ಅವರ ಸಂಗಡಿಗರೂ ಸ್ಕಾಟ್ಲಂಡಿನ 7,676 ಮಾಜಿ ವೃತ್ತಿ ಆಟಗಾರರ ಲೆಕ್ಕವನ್ನು 23,000 ಸಾಮಾನ್ಯ ಜನರ ಲೆಕ್ಕದೊಂದಿಗೆ ಹೋಲಿಸಿದರು. ಹೃದಯರೋಗದಿಂದ ಸಾಯುವವರು ಆಟಗಾರರಲ್ಲೇ ಕಡಿಮೆ. ಆಟ ದೇಹಕ್ಕೆ ಒಳ್ಳೆಯದೆಂಬುದು ಸುಳ್ಳಲ್ಲ. ಆದರೆ ಮಿದುಳು ಸವೆಯುವ ರೋಗಗಳಿಂದ ಸಾಯುವ ಸಂಭವ ಆಟಗಾರರಲ್ಲಿ ಮೂರೂವರೆ ಪಟ್ಟು. 2021ರಲ್ಲಿ ಆಡುವ ಜಾಗದ ಪ್ರಕಾರ ವಿಂಗಡಿಸಿ ನೋಡಿದಾಗ ತಲೆಯಿಂದ ಬಹಳ ಹೊಡೆಯುವ ರಕ್ಷಣೆಯ ಆಟಗಾರರಲ್ಲಿ ಸುಮಾರು ಐದು ಪಟ್ಟು. ತಲೆಯಿಂದ ಹೊಡೆಯುವ ಪ್ರಸಂಗವೇ ಇಲ್ಲದ ಗೋಲ್‌ಕೀಪರರಲ್ಲಿ ಸಾಮಾನ್ಯರಷ್ಟೇ. ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಏನು ಬೇಕು? 2020ರಲ್ಲಿ ಸ್ಕಾಟ್ಲಂಡಿನವರು ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ತಾಲೀಮಿನಲ್ಲಿ ತಲೆಯಿಂದ ಹೊಡೆಯಿಸುವುದನ್ನು ನಿಲ್ಲಿಸಿದರು. 2021ರಲ್ಲಿ ಇಂಗ್ಲಂಡಿನವರು ದೊಡ್ಡವರಿಗೂ ತಾಲೀಮಿನಲ್ಲಿ ವಾರಕ್ಕೆ ಜೋರಿನವು ಹತ್ತು ಸಾಕು ಎಂದರು. ಈಗಿನ ಚೆಂಡು ನೀರು ಹೀರುವುದಿಲ್ಲವಲ್ಲ ಎನ್ನಬೇಡಿರಿ; ಒಣ ಚೆಂಡಿನ ತೂಕ ಆಗಲೂ ಈಗಲೂ ಒಂದೇ, ಈಗಿನದು ಇನ್ನೂ ವೇಗವಾಗಿ ಬರುತ್ತದೆ.

ಇಷ್ಟೆಲ್ಲ ಕೇಳಿ ವೈದ್ಯವಿದ್ಯೆ ಏನೂ ಮಾಡಿಲ್ಲವೆಂದು ಭಾವಿಸಿದರೆ ಅನ್ಯಾಯವಾದೀತು. ಮೊಣಕಾಲಿನ ಒಳಗೆ, ತೊಡೆಯ ಎಲುಬನ್ನೂ ಮುಂಗಾಲ ಎಲುಬನ್ನೂ ಅಡ್ಡಡ್ಡ ಬಿಗಿಯುವ ಎರಡು ನಾರುಗಳಿವೆ. ಓಡುತ್ತ ಓಡುತ್ತ ಪಾದ ನೆಲಕ್ಕೆ ಕಚ್ಚಿ ದೇಹ ಮಾತ್ರ ತಿರುಗಿದರೆ, ಯಾರೂ ಮುಟ್ಟದೆಯೇ ಮುಂದಿನ ನಾರು ಪಟ್ಟನೆ ಹರಿಯುತ್ತದೆ. 274 ಲೀಗ್ ಪಂದ್ಯಗಳಲ್ಲಿ 251 ಗೋಲು ಹೊಡೆದ ಬ್ರಯನ್ ಕ್ಲಫ್ 1962ರ ಡಿಸೆಂಬರಿನಲ್ಲಿ ಗೋಲ್‌ಕೀಪರನಿಗೆ ಡಿಕ್ಕಿಯಾಗಿ ಮೊಣಕಾಲಿನ ಇಂಥ ನಾರು ಹರಿದುಕೊಂಡಾಗ ಆತನ ಆಟ ಅಲ್ಲಿಗೇ ಮುಗಿದ ಹಾಗಾಯಿತು. ಈಗ ತೊಡೆಯ ಹಿಂದಿನಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಒಂದು ಎಳೆ ತೆಗೆದು, ಎಲುಬಿನಲ್ಲಿ ತೂತು ಕೊರೆದು, ಹೊಸ ನಾರು ಪೋಣಿಸುತ್ತಾರೆ. ಶಸ್ತ್ರಕ್ರಿಯೆ ಒಂದೆರಡು ತಾಸಿನದು. ಆದರೆ ಆ ಎಳೆಗೆ ಜೀವ ಬಂದು ನಾರಾಗಲು ತಿಂಗಳುಗಳೇ ಬೇಕು. ಒಂಬತ್ತು ತಿಂಗಳ ಮುನ್ನ ಆಡಿದವರಿಗೆ ಮತ್ತೆ ಮೊಣಕಾಲು ಕೆಡುವುದು ಹೆಚ್ಚು. ಹಣವಂತ ಕ್ಲಬ್ಬು ಒಂಬತ್ತು ತಿಂಗಳು ಕಾಯಬಲ್ಲದು. ವರ್ಷದ ಕರಾರಿನ ಆಟಗಾರ ಏನು ಮಾಡಬೇಕು?

ಉಪಚಾರಕ್ಕಿಂತ ತಾಲೀಮು ಮೇಲು. ಹಿಂದಿನ ಕಾಲದ ತಾಲೀಮೆಂದರೆ ಬಯಲಿನ ಸುತ್ತ ಓಡಿಸುವುದು. ವಾರವೆಲ್ಲ ಚೆಂಡು ಮುಟ್ಟಗೊಡದಿದ್ದರೆ ಶನಿವಾರ ಚೆಂಡಿಗಾಗಿ ಹಸಿದು ಆಡುತ್ತಾರೆಂಬ ನಂಬಿಕೆಯೂ ಇತ್ತು. ಈಗ ಪ್ರಪಂಚದ ಫುಟ್‌ಬಾಲ್ ಸಂಸ್ಥೆಯಾದ ಫೀಫಾ, ‘ಹನ್ನೊಂದು ಪ್ಲಸ್’ ಎಂಬ ಇಪ್ಪತ್ತು ನಿಮಿಷದ ಪೂರ್ವತಾಲೀಮನ್ನು ತಯಾರಿಸಿದೆ: ಮೆಲ್ಲನೆ ಓಟ, ಒಂಟಿಕಾಲಲ್ಲಿ ನಿಲ್ಲುವುದು, ನೆಗೆದು ಮಂಡಿ ಒಳಗೆ ವಾಲದಂತೆ ಇಳಿಯುವುದು, ಹೀಗೆ. ನಾರ್ವೆಯಲ್ಲಿ 1,892 ಹುಡುಗಿಯರ ಮೇಲೆ ಇದನ್ನು ಪ್ರಯೋಗಿಸಿ ನೋಡಿ 2008ರಲ್ಲಿ ಪ್ರಕಟಿಸಿದರು. ಗಾಯಗಳು ಮೂರರಲ್ಲೊಂದು ಭಾಗದಷ್ಟು ಇಳಿದಿದ್ದವು. ತೊಡೆಯ ಹಿಂದಿನ ಸ್ನಾಯುವಿಗೆ ಇನ್ನೊಂದು ವ್ಯಾಯಾಮವುಂಟು. ಮಂಡಿಯೂರಿ ಕೂತವನ ಹರಡುಗಳನ್ನು ಜೊತೆಗಾರ ನೆಲಕ್ಕೆ ಒತ್ತಿ ಹಿಡಿಯಬೇಕು. ಇವನು ಬೆನ್ನು ಬಾಗಿಸದೆ, ನಿಂತ ಮರ ಬೀಳುವ ಹಾಗೆ, ಆದಷ್ಟು ಮೆಲ್ಲಗೆ ಮುಂದಕ್ಕೆ ವಾಲಿ ಕೈಯೂರಬೇಕು. ಇದನ್ನು ನೇಮದಿಂದ ಮಾಡುವ ತಂಡಗಳಲ್ಲಿ ಆ ಸ್ನಾಯು ಹರಿಯುವುದು ಸುಮಾರು ಅರ್ಧಕ್ಕೆ ಇಳಿದದ್ದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಬೇಕಾದ ಸಾಮಾನು ಜೊತೆಗಾರನ ಎರಡು ಕೈ, ಅಷ್ಟೆ. ನಮ್ಮ ಬಯಲಿಗೆ ಇದಕ್ಕಿಂತ ಅಗ್ಗದ ಔಷಧ ನನಗೆ ತಿಳಿಯದು.

ಹಾಗಾದರೆ ಇಷ್ಟು ವಿದ್ಯೆ, ಇಷ್ಟು ಡಾಕ್ಟರರು ಇರುವ ಯುರೋಪಿನ ದೊಡ್ಡ ಕ್ಲಬ್ಬುಗಳಲ್ಲಿ ಗಾಯ ಕಡಿಮೆಯಾಗಬೇಕಿತ್ತಲ್ಲವೆ? ಯುರೋಪಿನ ಫುಟ್‌ಬಾಲ್ ಒಕ್ಕೂಟ 2001ರಿಂದ ದೊಡ್ಡ ಕ್ಲಬ್ಬುಗಳ ಗಾಯಗಳ ಲೆಕ್ಕ ಇಡಿಸಿದೆ. ಇಪ್ಪತ್ತೈದು ಮಂದಿಯ ತಂಡದಲ್ಲಿ ಹಂಗಾಮಿಗೆ ಸುಮಾರು ಐವತ್ತು ಗಾಯ, ತಲೆಗೆ ಎರಡರಂತೆ. ತಾಲೀಮಿಗಿಂತ ಪಂದ್ಯದಲ್ಲಿ ತಾಸಿಗೆ ಆರೇಳು ಪಟ್ಟು ಹೆಚ್ಚು. ಈಗ ಹೇಳಿದ ತೊಡೆಯ ಹಿಂದಿನ ಸ್ನಾಯುವಿನ ಗಾಯ 2001-02ರಲ್ಲಿ ನೂರಕ್ಕೆ 12 ಇದ್ದದ್ದು 2021-22ಕ್ಕೆ 24 ಆಯಿತು. ವಿದ್ಯೆ ಬೆಳೆಯಿತು, ಅದರೊಂದಿಗೆ ಓಟದ ವೇಗವೂ ಪಂದ್ಯಗಳ ಸಂಖ್ಯೆಯೂ ಬೆಳೆದವು. ಮಗ್ಗಕ್ಕೆ ಎಣ್ಣೆ ಹೆಚ್ಚು ಹಾಕಿ, ಎರಡು ಮಗ್ಗ ನೋಡುವವನಿಗೆ ನಾಲ್ಕು ಮಗ್ಗ ಕೊಟ್ಟ ಹಾಗೆ. ಮ್ಯಾಂಚೆಸ್ಟರ್ ಸಿಟಿಯ ರೊಡ್ರಿ ಎಂಬ ಸ್ಪೇನಿನ ಆಟಗಾರ ಹಿಂದಿನ ಹಂಗಾಮಿನಲ್ಲಿ ಅರವತ್ತಕ್ಕೂ ಹೆಚ್ಚು ಪಂದ್ಯ ಆಡಿದ್ದ. 2024ರ ಸೆಪ್ಟೆಂಬರ್ 17ರಂದು ಪತ್ರಕರ್ತರ ಮುಂದೆ, ಹೀಗೇ ಆದರೆ ಆಟಗಾರರು ಮುಷ್ಕರ ಹೂಡುವ ದಿನ ಹತ್ತಿರ ಬಂದಿದೆ ಎಂದ. ಐದು ದಿನ ಕಳೆದು, 22ರಂದು, ಅವನ ಮೊಣಕಾಲಿನ ಅದೇ ನಾರು ಹರಿಯಿತು. ಮುಂದಿನ ತಿಂಗಳು ಆಟಗಾರರ ಜಾಗತಿಕ ಒಕ್ಕೂಟದ ಯುರೋಪ್ ವಿಭಾಗವು ಪಂದ್ಯಗಳ ಪಟ್ಟಿಯ ವಿರುದ್ಧ ಯುರೋಪಿನ ಆಯೋಗಕ್ಕೆ ದೂರು ಕೊಟ್ಟಿತು. ಕೋಟ್ಯಧಿಪತಿಗಳೂ ಕೊನೆಗೆ ಹಿಡಿದದ್ದು ಕೆಲಸದ ತಾಸಿನ ಪ್ರಶ್ನೆಯನ್ನೇ.

ಇನ್ನೊಂದು ಗಂಟು ಉಂಟು. ಡಾಕ್ಟರರು ಯಾರ ಮನುಷ್ಯ? 2015ರ ಆಗಸ್ಟಿನಲ್ಲಿ ಚೆಲ್ಸಿ ಕ್ಲಬ್ಬಿನ ಪಂದ್ಯದ ಕೊನೆಯ ನಿಮಿಷಗಳಲ್ಲಿ ಒಬ್ಬ ಆಟಗಾರ ನೆಲಕ್ಕೆ ಬಿದ್ದ. ರೆಫರಿ ಕರೆದರು, ಡಾಕ್ಟರ್ ಇವಾ ಕಾರ್ನೆರೊ ಅವರು ಓಡಿ ಹೋದರು. ಉಪಚಾರ ಪಡೆದವನು ಗೆರೆಯ ಆಚೆ ಹೋಗಬೇಕೆಂಬುದು ನಿಯಮ. ತಂಡಕ್ಕೆ ಒಬ್ಬ ಕಡಿಮೆಯಾದ. ಮ್ಯಾನೇಜರ್ ಮೊರೀನ್ಯೊ ಎಲ್ಲರ ಮುಂದೆ ಅವರನ್ನು ಬೈದ. ಆ ಮೇಲೆ ಅವರನ್ನು ಪಂದ್ಯದ ಕೆಲಸದಿಂದ ದೂರವಿಟ್ಟರು. ಆಕೆ ಕೆಲಸ ಬಿಟ್ಟು ದಾವೆ ಹೂಡಿದರು. 2016ರಲ್ಲಿ ರಾಜಿಯಾಗಿ, ಆಕೆ ನಿಯಮದಂತೆಯೇ ನಡೆದಿದ್ದರೆಂದು ಕ್ಲಬ್ಬು ಕ್ಷಮೆ ಕೇಳಿತು. ಅಷ್ಟು ಓದಿದವರ ಗತಿ ಹೀಗಾದರೆ ಪಟ್ಟಿ ಕಟ್ಟುವ ನಮ್ಮಂಥವರ ಮಾತೇನು? 2014ರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಜರ್ಮನಿಯ ಕ್ರಿಸ್ಟೋಫ್ ಕ್ರಾಮರನ ತಲೆಗೆ ಪೆಟ್ಟು ಬಿತ್ತು. ಆತ ಮತ್ತೂ ಕಾಲು ತಾಸಿನಷ್ಟು ಆಡುತ್ತಲೇ ಇದ್ದು, ಇದು ಅಂತಿಮ ಪಂದ್ಯವೇನು ಎಂದು ರೆಫರಿಯನ್ನು ಕೇಳಿದ! ರೆಫರಿ ತಿಳಿಸಿದ ಮೇಲೆ ಹೊರಗೆ ಕರೆದರು. ತಲೆಗೆ ಪೆಟ್ಟು ಬಿದ್ದವನ ಜಾಗಕ್ಕೆ ಲೆಕ್ಕಕ್ಕೆ ಸೇರದ ಬದಲಿ ಆಟಗಾರನನ್ನು ಇಳಿಸಬಹುದೆಂಬ ಪ್ರಯೋಗ 2021ರಲ್ಲಷ್ಟೇ ಶುರುವಾಯಿತು.

ಈಗ ನಮ್ಮ ನಾಡಿಗೆ ಬರೋಣ. 2012ರ ಮಾರ್ಚ್ 17ರಂದು ಲಂಡನ್ನಿನಲ್ಲಿ ಬೋಲ್ಟನ್ ತಂಡದ ಫಾಬ್ರಿಸ್ ಮುವಾಂಬ ಆಡುತ್ತ ಆಡುತ್ತ ಕುಸಿದ. ಹೃದಯ ನಿಂತಿತು. ಬಯಲಿನಲ್ಲೇ ಎದೆ ಒತ್ತಿದರು, ವಿದ್ಯುತ್ತಿನ ಆಘಾತ ಕೊಡುವ ಯಂತ್ರ ತಂದರು, ಆಟ ನೋಡಲು ಬಂದಿದ್ದ ಒಬ್ಬ ಹೃದಯತಜ್ಞರು ಕಟಕಟೆ ದಾಟಿ ಬಂದು ಸೇರಿಕೊಂಡರು. ಎಪ್ಪತ್ತೆಂಟು ನಿಮಿಷ ನಿಂತಿದ್ದ ಹೃದಯ ಮತ್ತೆ ಮಿಡಿಯಿತು, ಆತ ಬದುಕಿದ. ನಾಲ್ಕು ದಿನ ಕಳೆದು, ಮಾರ್ಚ್ 21ರಂದು, ಬೆಂಗಳೂರಿನ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಜಿಲ್ಲಾ ಲೀಗಿನ ಪಂದ್ಯದಲ್ಲಿ ಬೆಂಗಳೂರು ಮಾರ್ಸ್ ತಂಡದ ವೆಂಕಟೇಶ್ ಕುಸಿದ. ವಯಸ್ಸು ಇಪ್ಪತ್ತೇಳು. ಡಾಕ್ಟರರಿಲ್ಲ, ಆಂಬುಲೆನ್ಸ್ ಇಲ್ಲ. ಸಂಗಡಿಗರು ಆಟೋರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಜೀವ ಹೋಗಿತ್ತು. ಅದಕ್ಕೂ ಮೊದಲು, 2004ರ ಡಿಸೆಂಬರ್ 5ರಂದು, ಅದೇ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ಪಿನ ಅಂತಿಮ ಪಂದ್ಯದಲ್ಲಿ, ಗೋವೆಯ ಡೆಂಪೊ ತಂಡಕ್ಕಾಗಿ ಆಡುತ್ತಿದ್ದ ಬ್ರೆಜಿಲಿನ ಕ್ರಿಸ್ಟಿಯಾನೊ ಜೂನಿಯರ್ ತನ್ನ ಎರಡನೆಯ ಗೋಲು ಹೊಡೆಯುತ್ತಲೇ ಗೋಲ್‌ಕೀಪರನಿಗೆ ಡಿಕ್ಕಿಯಾಗಿ ಬಿದ್ದು ಮತ್ತೆ ಏಳಲಿಲ್ಲ. ಅಷ್ಟು ದೊಡ್ಡ ಸಾವಾದ ಮೇಲೆಯೂ ಏಳು ವರ್ಷಕ್ಕೆ ಅದೇ ಊರಿನ ಇನ್ನೊಂದು ಬಯಲಿನಲ್ಲಿ ಒಂದು ಗಾಡಿ ನಿಂತಿರಲಿಲ್ಲ. ಹೃದಯ ನಿಂತಾಗ ನಿಮಿಷದ ಲೆಕ್ಕ. 2021ರ ಜೂನಿನಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಕೋಪನ್‌ಹೇಗನ್ನಿನ ಬಯಲಿನಲ್ಲಿ ಹಾಗೇ ಕುಸಿದಾಗ ಯಂತ್ರ ಕೈಗೆಟುಕುವಲ್ಲಿತ್ತು. ಆತ ಮರುವರ್ಷ ಮತ್ತೆ ವಿಶ್ವಕಪ್ಪಿನಲ್ಲಿ ಆಡಿದ.

ನಮ್ಮ ಪಂದ್ಯಾವಳಿಗೆ ಆ ಯಂತ್ರ ತರುವ ಶಕ್ತಿ ಇಲ್ಲ. ಜಿಲ್ಲಾ ದವಾಖಾನೆಯವರನ್ನು ಕೇಳಿ ನೋಡಲು ಅಡ್ಡಿಯಿಲ್ಲ, ಅರ್ಜಿ ನಾನು ಬರೆದು ಕೊಡುತ್ತೇನೆ. ಶಕ್ತಿ ಇರುವಷ್ಟನ್ನು ಕಮಿಟಿಯ ಮುಂದೆ ಇಟ್ಟಿದ್ದೇನೆ. ಪ್ರತಿ ಪಂದ್ಯಕ್ಕೂ ಒಂದು ಗಾಡಿ, ಡ್ರೈವರನ ಸಮೇತ, ಬಾಗಿಲಿಗೆ ಮುಖ ಮಾಡಿ ನಿಂತಿರಬೇಕು. ಅದರ ಮುಂದೆ ಯಾರೂ ಸೈಕಲ್, ಮೋಟರ್‌ಸೈಕಲ್ ನಿಲ್ಲಿಸಕೂಡದು. ತಲೆಗೆ ಪೆಟ್ಟು ಬಿದ್ದು ಒಂದು ಗಳಿಗೆ ಮಂಕಾದವನು ಅಂದು ಮತ್ತೆ ಆಡಕೂಡದು. ಅವನು “ನನಗೇನೂ ಆಗಿಲ್ಲ” ಎಂದರೂ ಸರಿಯೆ, ಕ್ಯಾಪ್ಟನ್ ಕೈ ಮುಗಿದರೂ ಸರಿಯೆ. ಇದನ್ನು ತೀರ್ಮಾನಿಸುವವನು ಎರಡೂ ತಂಡಕ್ಕೆ ಸೇರದವನಾಗಿರಬೇಕು. ಎದೆ ಒತ್ತುವ ವಿಧಾನವನ್ನು ಭಾನುವಾರ ಬೆಳಿಗ್ಗೆ ಏಳಕ್ಕೆ ಬಯಲಿನಲ್ಲೇ ತೋರಿಸುತ್ತೇನೆ. ಪ್ರತಿ ತಂಡದಿಂದ ಇಬ್ಬರು ಬರಲಿ, ಹಳೆಯ ಗಾದಿಯೊಂದನ್ನು ಯಾರಾದರೂ ತನ್ನಿರಿ. ಇನ್ನು ಪೆಟ್ಟು ಬಿದ್ದು ಪಾಳಿ ತಪ್ಪಿಸಿಕೊಂಡವನ ಕೂಲಿ. ಚಂದಾದ ಹಣದಲ್ಲಿ ಕಪ್ಪಿಗೆ ಎತ್ತಿಟ್ಟಷ್ಟನ್ನೇ ಇದಕ್ಕೂ ಎತ್ತಿಡಬೇಕೆಂದು ನನ್ನ ಸೂಚನೆ. ಕಪ್ ಸಣ್ಣದಾಗುತ್ತದೆ ಎಂದು ಈಗಾಗಲೇ ಇಬ್ಬರು ಗೊಣಗಿದ್ದಾರೆ. ಅವರು ಎದ್ದು ನಿಂತು ಮಾತಾಡಲಿ, ಅಧ್ಯಕ್ಷರು ಅವಕಾಶ ಕೊಡುತ್ತಾರೆ.